ಯಾರು ಹೇಳುತ್ತಿದ್ದಾರೆ? ಕವಿತೆಯಲ್ಲಿ ಮತ್ತು ಭಾಷಣದಲ್ಲಿ ವಕ್ತೃವಿನ ಪಾತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾವ್ಯವಾಚನದ ನಂತರದ ಮಾತುಕತೆಗಳಲ್ಲಿ, ಓದುಗರ ಪತ್ರಗಳಲ್ಲಿ, ಭಾಷಣಕ್ಕೆ ಸಿದ್ಧರಾಗುವವರ ವಿಚಾರಣೆಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲಿಯೇ ಇಲ್ಲಿ ಇಡಲಾಗಿದೆ. ಕವಿತೆಯೊಳಗೆ ಮಾತನಾಡುವ ವ್ಯಕ್ತಿಯನ್ನು ವಕ್ತೃ ಎಂದೂ ಸಭೆಯೆದುರು ನಿಂತು ಮಾತನಾಡುವವರನ್ನು ಭಾಷಣಕಾರರೆಂದೂ ಕರೆದಿದೆ. ಸರಳವಾದ ಪ್ರಶ್ನೆಗಳು ಮೊದಲಿಗಿವೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಿಕೊಳ್ಳಬಹುದು.

ಮೊದಲ ಪ್ರಶ್ನೆಗಳು

ಕವಿತೆಯಲ್ಲಿ 'ನಾನು' ಎಂದರೆ ಕವಿಯೇ ಅಲ್ಲವೇ? ಬೇರೆ ಯಾರಿರಲು ಸಾಧ್ಯ?

ಬೇರೆಯವರು ಇರಲು ಸಾಧ್ಯವಷ್ಟೇ ಅಲ್ಲ, ಕನ್ನಡದ ಅತ್ಯಂತ ಜನಪ್ರಿಯ ಕವಿತೆಗಳಲ್ಲಿ ಹಲವು ಹಾಗೆಯೇ ಇವೆ. 1942ರಲ್ಲಿ ಬಂದ ಕೆ.ಎಸ್. ನರಸಿಂಹಸ್ವಾಮಿಯವರ ಮೈಸೂರು ಮಲ್ಲಿಗೆಯಲ್ಲಿ ಬಳೆಗಾರ ಚೆನ್ನಯ್ಯ ಬಾಗಿಲಿಗೆ ಬಂದು ಒಳಗೆ ಬರಲು ಅಪ್ಪಣೆ ಕೇಳುತ್ತಾನೆ. ಆ ಕವಿತೆಯ 'ನಾನು' ಚೆನ್ನಯ್ಯ. ಕೇಳುತ್ತಿರುವವನು ಮನೆಯ ಯಜಮಾನ. ನವಿಲೂರ ಮನೆಯಿಂದ, ಅಂದರೆ ಹೆಂಡತಿಯ ತವರಿನಿಂದ ಮಾತೊಂದನ್ನು ತಂದಿರುವ ಈ ಬಳೆಗಾರ, ನಿಮಗೇನೂ ಬಳೆ ತೊಡಿಸುವುದಿಲ್ಲ ಎಂಬ ಹಾಸ್ಯದಿಂದ ಆರಂಭಿಸಿ, ಮಾವನ ಮೇಲಿನ ಮುನಿಸಿಗೆ ಮಗಳೇನು ಮಾಡಿದಳು ಎಂದು ಮೆಲ್ಲಗೆ ಆಕ್ಷೇಪಿಸುವವರೆಗೆ ಹೋಗುತ್ತಾನೆ. ಇದೇ ಆಕ್ಷೇಪವನ್ನು ಹೆಂಡತಿಯೇ ಮಾಡಿದ್ದರೆ ಅದು ಜಗಳವಾಗುತ್ತಿತ್ತು, ಮಾವ ಮಾಡಿದ್ದರೆ ಮುನಿಸು ಇನ್ನೂ ಬೆಳೆಯುತ್ತಿತ್ತು, ಕವಿಯೇ ನೇರವಾಗಿ ಹೇಳಿದ್ದರೆ ಬೋಧನೆಯಾಗುತ್ತಿತ್ತು. ಮನೆಯೊಳಕ್ಕೆ ಬರುವ ಸಲುಗೆಯಿದ್ದೂ ಮನೆಯವನಲ್ಲದ ಒಬ್ಬನ ಬಾಯಲ್ಲಿ ಮಾತ್ರ ಆ ಮಾತಿಗೆ ಆ ಹದ ಬರುತ್ತದೆ. ವಕ್ತೃವನ್ನು ಆರಿಸಿಕೊಂಡಲ್ಲಿಯೇ ಆ ಕವಿತೆಯ ಅರ್ಧ ಕೆಲಸ ಮುಗಿದಿದೆ ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ನಿದರ್ಶನ ಜಿ.ಪಿ. ರಾಜರತ್ನಂ ಅವರ ರತ್ನ. ಬೌದ್ಧ ಮತ್ತು ಜೈನ ಸಾಹಿತ್ಯದ ವಿದ್ವಾಂಸರೂ ಮಕ್ಕಳ ಪದ್ಯಗಳ ಕರ್ತೃವೂ ಆಗಿದ್ದ ಮೇಷ್ಟರು ಹೆಂಡಕುಡುಕನೊಬ್ಬನ ಬಾಯಲ್ಲಿ ಒಂದು ಸಂಗ್ರಹವನ್ನೇ ಬರೆದರು. ರತ್ನ ಎಂಬ ಹೆಸರು ಕವಿಯ ಹೆಸರಿನೊಳಗಿನಿಂದಲೇ ಬಂದಿರುವುದರಿಂದ ಇಬ್ಬರೂ ಒಬ್ಬರೇ ಎಂಬ ಭ್ರಮೆಯನ್ನು ಕವಿ ಬೇಕೆಂದೇ ಹುಟ್ಟಿಸಿದ್ದಾರೆ.

ವಕ್ತೃ, ಕವಿ ಬೇರೆ ಬೇರೆ ಎನ್ನುವುದು ಇಂಗ್ಲಿಷ್ ವಿಮರ್ಶೆಯಿಂದ ಬಂದದ್ದಲ್ಲವೇ? ನಮ್ಮ ಹಳಬರಿಗೆ ಇದೆಲ್ಲ ಗೊತ್ತಿತ್ತೇ?

ಚೆನ್ನಾಗಿಯೇ ಗೊತ್ತಿತ್ತು. ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನ ಧ್ವನಿಯನ್ನು, ಅಂದರೆ ಮಾತು ನೇರವಾಗಿ ಹೇಳದೆ ಹೊಳೆಯಿಸುವ ಅರ್ಥವನ್ನು ವಿಂಗಡಿಸುವಾಗ, ಕವಿಯೇ ಆಡುವ ಪ್ರೌಢೋಕ್ತಿ (ಕಲ್ಪನೆಯಿಂದ ಕಟ್ಟಿದ ಮಾತು) ಮತ್ತು ಕವಿನಿಬದ್ಧ ವಕ್ತೃವಿನ ಪ್ರೌಢೋಕ್ತಿ ಎಂದು ಎರಡನ್ನೂ ಬೇರೆಯಾಗಿ ಗುರುತಿಸುತ್ತಾನೆ. ಕವಿನಿಬದ್ಧ ವಕ್ತೃ ಎಂದರೆ ಕವಿ ತನ್ನ ಕೃತಿಯೊಳಗೆ ಕಟ್ಟಿ ನಿಲ್ಲಿಸಿದ ಮಾತುಗಾರ. ಹನ್ನೊಂದನೆಯ ಶತಮಾನದ ಮಮ್ಮಟ ಇನ್ನೂ ಮುಂದೆ ಹೋಗಿ, ಹೇಳುವವನು, ಕೇಳುವವನು, ದನಿಯ ಏರಿಳಿತವಾದ ಕಾಕು, ಸಂದರ್ಭ, ದೇಶ, ಕಾಲ ಇವುಗಳ ವಿಶೇಷದಿಂದ ಮಾತಿಗೆ ಬೇರೆಯೇ ಅರ್ಥ ಹೊಳೆಯುತ್ತದೆ ಎಂದು ಪಟ್ಟಿ ಮಾಡಿಕೊಡುತ್ತಾನೆ. ಆ ಪಟ್ಟಿಯ ಮೊದಲ ಹೆಸರೇ ವಕ್ತೃ. 'ಸೂರ್ಯ ಮುಳುಗಿದ' ಎಂಬ ವಾಕ್ಯವನ್ನು ಅವನು ಉದಾಹರಣೆಗೆ ತೆಗೆದುಕೊಳ್ಳುತ್ತಾನೆ. ಒಬ್ಬನ ಬಾಯಲ್ಲಿ ಅದು ದನಗಳನ್ನು ಕೊಟ್ಟಿಗೆಗೆ ಹೊಡೆಯಿರಿ ಎಂಬ ಸೂಚನೆ, ಇನ್ನೊಬ್ಬನ ಬಾಯಲ್ಲಿ ಸಂಧ್ಯಾವಂದನೆಗೆ ಹೊತ್ತಾಯಿತೆಂಬ ಎಚ್ಚರಿಕೆ, ದೂತಿಯೊಬ್ಬಳ ಬಾಯಲ್ಲಿ ಪ್ರಿಯನ ಬಳಿಗೆ ಹೊರಡೆಂಬ ಕರೆ.

ಕನ್ನಡದ ಮೊದಲ ಲಕ್ಷಣಗ್ರಂಥವಾದ ಕವಿರಾಜಮಾರ್ಗ ಈ ನಾಡಿನ ಜನರನ್ನು ಹೊಗಳುವಾಗ ಹದವರಿತು ನುಡಿಯಬಲ್ಲವರು ಎಂದು ನಿಲ್ಲಿಸದೆ, ನುಡಿದದ್ದನ್ನು ಅರಿತು ವಿವೇಚಿಸಬಲ್ಲವರು ಎಂದೂ ಸೇರಿಸುತ್ತದೆ. ಹೇಳುವವನ ಸಾಮರ್ಥ್ಯಕ್ಕೆ ಕೇಳುವವನ ಸಾಮರ್ಥ್ಯ ಜೊತೆಯಾಗಬೇಕೆಂಬ ಈ ತಿಳಿವಳಿಕೆ ಒಂಬತ್ತನೆಯ ಶತಮಾನದ್ದು.

ಭಾಷಣಕಾರನೂ ಒಂದು ಪಾತ್ರ ಎಂದರೆ, ಅವನು ನಾಟಕ ಆಡುತ್ತಾನೆ, ಸುಳ್ಳು ಹೇಳುತ್ತಾನೆ ಎಂದಂತಾಗಲಿಲ್ಲವೇ?

ಇಲ್ಲ. ಮನೆಯ ಜಗಲಿಯ ಮೇಲೆ ಕುಳಿತು ಮಾತನಾಡುವ ಅದೇ ವ್ಯಕ್ತಿ ಸಭೆಯಲ್ಲಿ ನಿಂತಾಗ ದನಿಯನ್ನು ಎತ್ತರಿಸುತ್ತಾನೆ, ವಾಕ್ಯಗಳನ್ನು ಪೂರ್ಣಗೊಳಿಸುತ್ತಾನೆ, ತನ್ನ ಬದುಕಿನ ಎಲ್ಲವನ್ನೂ ಹೇಳದೆ ಆ ಸಭೆಗೆ ಬೇಕಾದ್ದನ್ನು ಮಾತ್ರ ಆರಿಸುತ್ತಾನೆ. ಶಿಕ್ಷಕನಾಗಿ, ಹಳೆಯ ವಿದ್ಯಾರ್ಥಿಯಾಗಿ, ಊರಿನವನಾಗಿ, ತಜ್ಞನಾಗಿ, ಯಾವುದೋ ಒಂದು ನೆಲೆಯಲ್ಲಿ ನಿಂತು ಮಾತನಾಡುವುದು ಅನಿವಾರ್ಯ. ಆ ಆಯ್ಕೆಯೇ ಪಾತ್ರ, ಅದರಲ್ಲಿ ಮೋಸವೇನೂ ಇಲ್ಲ.

ಕವಿತೆಗೂ ಭಾಷಣಕ್ಕೂ ಇರುವ ನಿಜವಾದ ವ್ಯತ್ಯಾಸ ಬೇರೆಡೆ ಇದೆ. ಕವಿತೆಯಲ್ಲಿ ಮಾತನಾಡುವ ವ್ಯಕ್ತಿ ಒಬ್ಬ, ಅದಕ್ಕೆ ಹೊಣೆಗಾರನಾದ ವ್ಯಕ್ತಿ ಇನ್ನೊಬ್ಬ ಆಗಿರಬಹುದು. ರತ್ನ ಕುಡಿದದ್ದಕ್ಕೆ ರಾಜರತ್ನಂ ಅವರನ್ನು ಯಾರೂ ವಿಚಾರಿಸುವುದಿಲ್ಲ. ಭಾಷಣದಲ್ಲಿ ಕಟ್ಟಿಕೊಂಡ ಪಾತ್ರವೂ ಹೊಣೆ ಹೊರುವ ಮನುಷ್ಯನೂ ಒಂದೇ ದೇಹದಲ್ಲಿ ನಿಂತಿರುತ್ತಾರೆ. ಮುಂದಿನ ಅನೇಕ ಉತ್ತರಗಳಿಗೆ ಈ ವ್ಯತ್ಯಾಸವೇ ಆಧಾರ.

ಪರೀಕ್ಷೆಯಲ್ಲಿ 'ಈ ಪದ್ಯದ ವಕ್ತೃ ಯಾರು' ಎಂದು ಕೇಳಿದರೆ ಹೇಗೆ ಕಂಡುಹಿಡಿಯುವುದು?

ಮೊದಲು ಪದ್ಯದಲ್ಲಿ ಯಾರನ್ನು ಕರೆಯಲಾಗಿದೆ ಎಂದು ನೋಡಬೇಕು; ಅಯ್ಯಾ, ದೊರೆಯೆ, ಅವ್ವಾ, ಸಖಿ, ಅಣ್ಣಾ ಎಂಬ ಸಂಬೋಧನೆಗಳು ಕೇಳುವವರನ್ನು ತೋರಿಸುವುದರ ಜೊತೆಗೆ ಕರೆಯುವವರ ಸ್ಥಾನವನ್ನೂ ಬಿಟ್ಟುಕೊಡುತ್ತವೆ. ಆಮೇಲೆ ಈ ಮಾತನಾಡುವವನಿಗೆ ಏನು ಗೊತ್ತಿದೆ, ಏನು ಗೊತ್ತಿಲ್ಲ ಎಂದು ಕೇಳಿಕೊಳ್ಳಬೇಕು. ಕೊನೆಗೆ ಪದ್ಯದ ನಡುವೆ ಮಾತನಾಡುವವರು ಬದಲಾಗಿದ್ದಾರೆಯೇ ಎಂದು ಪರೀಕ್ಷಿಸಬೇಕು. ಪುರಂದರದಾಸರ 'ಗುಮ್ಮನ ಕರೆಯದಿರೆ' ಕೀರ್ತನೆಯಲ್ಲಿ ಬಹುಪಾಲು ಮಾತು ಬಾಲಕೃಷ್ಣನದು, ಅಮ್ಮನನ್ನು ಬೇಡಿಕೊಳ್ಳುವ ಮಗುವಿನದು. ಆದರೆ ಕೊನೆಯ ನುಡಿಯಲ್ಲಿ ಮಗನ ಮಾತು ಕೇಳಿ ಗೋಪಿ ನಕ್ಕು ಅವನನ್ನು ಅಪ್ಪಿಕೊಂಡಳೆಂದು ಹೇಳುವವನು ಹೊರಗೆ ನಿಂತ ನಿರೂಪಕ. ಇಡೀ ಕೀರ್ತನೆಗೆ ಒಬ್ಬನೇ ವಕ್ತೃ ಎಂದು ಬರೆದರೆ ಉತ್ತರ ಅರ್ಧ ಮಾತ್ರ ಸರಿಯಾಗುತ್ತದೆ.

ಕವಿತೆಯೊಳಗೆ

ವಚನದ ಕೊನೆಯಲ್ಲಿ ಬರುವ ಅಂಕಿತ ಕವಿಯ ಸಹಿಯೇ?

ಸಂಪಾದಕರಿಗೆ ಅದು ಸಹಿಯಂತೆ ಉಪಯೋಗಕ್ಕೆ ಬಂದಿದೆ ಎಂಬುದು ನಿಜ. ಕೂಡಲಸಂಗಮದೇವ ಎಂದಿದ್ದರೆ ಬಸವಣ್ಣ, ಗುಹೇಶ್ವರ ಎಂದಿದ್ದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಎಂದಿದ್ದರೆ ಅಕ್ಕಮಹಾದೇವಿ, ರಾಮನಾಥ ಎಂದಿದ್ದರೆ ದೇವರ ದಾಸಿಮಯ್ಯ ಎಂದು ವಚನಗಳನ್ನು ಹಂಚಲಾಗಿದೆ. ಆದರೆ ವಚನದೊಳಗೆ ಅದು ಮಾಡುವ ಕೆಲಸ ಬೇರೆ. ಸಹಿ ಬರೆದವನ ಹೆಸರನ್ನು ಹೇಳುತ್ತದೆ, ಅಂಕಿತ ಕೇಳುತ್ತಿರುವವನ ಹೆಸರನ್ನು ಹೇಳುತ್ತದೆ. ವಚನವನ್ನು ಓದುವ ನಾವು ಆ ಸಂಭಾಷಣೆಯನ್ನು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುವವರು. ಅಕ್ಕನ ವಚನವೊಂದು 'ಅವ್ವಾ' ಎಂದು ಜೊತೆಯವಳನ್ನು ಕರೆದು ಆರಂಭವಾಗಿ ಚೆನ್ನಮಲ್ಲಿಕಾರ್ಜುನನ ಹೆಸರಿನಲ್ಲಿ ಮುಗಿದಾಗ, ಒಂದೇ ಮಾತಿಗೆ ಇಬ್ಬರು ಕೇಳುಗರು ಇರುತ್ತಾರೆ, ಅದರ ಬಿಸಿ ಆ ಎಳೆದಾಟದಿಂದ ಬರುತ್ತದೆ.

ಸರ್ವಜ್ಞನ ತ್ರಿಪದಿಯ ಕೊನೆಯ ಹೆಸರು ಹೇಳುವವನದು. 1943ರಲ್ಲಿ ಬಂದ ಡಿ.ವಿ.ಜಿ.ಯವರ ಕಗ್ಗದ ಮಂಕುತಿಮ್ಮನಾದರೋ ಹೇಳುವವನೂ ಹೌದು, ಹೇಳಿಸಿಕೊಳ್ಳುವವನೂ ಹೌದು. ಹೀಗಿರುವುದರಿಂದಲೇ ಕಗ್ಗದ ಬುದ್ಧಿವಾದ ಓದುಗನ ಮೇಲೆ ಬೆರಳು ತೋರಿಸಿದಂತೆ ಅನಿಸುವುದಿಲ್ಲ.

ಬೇಂದ್ರೆಯವರು ಅಂಬಿಕಾತನಯದತ್ತ ಎಂದು ಬರೆದದ್ದು ಬರೀ ಕಾವ್ಯನಾಮವೇ, ಅಥವಾ ಬೇರೆ ಅರ್ಥವಿದೆಯೇ?

ಅಂಬಿಕೆಯ ಮಗನಾದ ದತ್ತ ಎಂಬ ಆ ಹೆಸರಿನಲ್ಲಿ ತಾಯಿಯ ಹೆಸರೂ ಕವಿಯ ಹೆಸರೂ ಸೇರಿವೆ. ಬೇಂದ್ರೆಯವರು ಅಂಬಿಕಾತನಯದತ್ತನನ್ನು ತಮ್ಮಿಂದ ಬೇರೆಯಾದವನೆಂಬಂತೆಯೇ ನೋಡುತ್ತಿದ್ದರು. ಕವಿತೆ ಹೇಳುವವನು ಅವನು, ಬರೆದುಕೊಳ್ಳುವವನು ತಾವು ಎಂಬ ಭಾವ ಅದು. ಇದನ್ನು ಅನುಭಾವವೆಂದು ತೆಗೆದುಕೊಂಡರೂ ಸರಿ, ಕಾವ್ಯದ ಒಂದು ವ್ಯವಸ್ಥೆಯೆಂದು ತೆಗೆದುಕೊಂಡರೂ ಸರಿ, ಅದರಿಂದ ಕವಿಗೆ ಒಂದು ಅನುಕೂಲ ಒದಗಿತು: ಸ್ವಂತ ಬದುಕಿನ ದುಃಖವನ್ನು ಸ್ವಲ್ಪ ದೂರದಲ್ಲಿಟ್ಟು ಹೇಳುವುದು ಸಾಧ್ಯವಾಯಿತು. 'ನೀ ಹೀಂಗ ನೋಡಬ್ಯಾಡ ನನ್ನ' ಮಗುವನ್ನು ಕಳೆದುಕೊಂಡ ಹಿನ್ನೆಲೆಯಲ್ಲಿ ಹುಟ್ಟಿದ ಕವಿತೆಯೆಂದು ಎಲ್ಲರಿಗೂ ಗೊತ್ತು. ಆದರೂ ಅಲ್ಲಿ ಮಾತನಾಡುವವನು ಹೆಂಡತಿಯ ನೋಟವನ್ನು ಎದುರಿಸಲಾರದ ಒಬ್ಬ ಗಂಡ; ಅವನಿಗೆ ವಿಳಾಸವಿಲ್ಲ, ಉದ್ಯೋಗವಿಲ್ಲ. ಹಿನ್ನೆಲೆ ತಿಳಿಯದವನಿಗೂ ಆ ಕವಿತೆ ತಟ್ಟುವುದು ಇದರಿಂದ. ಜೀವನಚರಿತ್ರೆಯ ಸಂಗತಿ ತಿಳಿದಿದ್ದರೆ ಒಳ್ಳೆಯದು, ಆದರೆ ಅದನ್ನೇ ಕವಿತೆಯ ಅರ್ಥವೆಂದು ತರಗತಿಯಲ್ಲಿ ಬರೆಸುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ.

ಬನವಾಸಿಯನ್ನು ನೆನೆದವನು ಪಂಪನೋ ಅರ್ಜುನನೋ?

ಪಂಪನ 941ರ ಕಾವ್ಯವಾದ ವಿಕ್ರಮಾರ್ಜುನ ವಿಜಯದಲ್ಲಿ ಬನವಾಸಿಯನ್ನು ಹೊಗಳುವ ಪದ್ಯಗಳು ಬರುವುದು ಅರ್ಜುನ ತೀರ್ಥಯಾತ್ರೆಯಲ್ಲಿ ಬನವಾಸಿಗೆ ಬಂದ ಸಂದರ್ಭದಲ್ಲಿ. ಆದರೆ ತೆಂಕಣ ಗಾಳಿ ಸೋಕಿದರೂ, ಯಾರು ಅಂಕುಶವಿಟ್ಟರೂ ನನ್ನ ಮನಸ್ಸು ಬನವಾಸಿಯನ್ನೇ ನೆನೆಯುತ್ತದೆ ಎಂಬ ಪದ್ಯದಲ್ಲಿ ಹೊಸದಾಗಿ ಬಂದ ಯಾತ್ರಿಕನ ಬೆರಗಿಲ್ಲ. ಬಹಳ ಹಿಂದೆ ಬಿಟ್ಟು ಹೋದವನ ಹಂಬಲವಿದೆ. ಹಸ್ತಿನಾವತಿಯ ರಾಜಕುಮಾರನಿಗೆ ಇಂಥ ಹಂಬಲ ಹೇಗೆ ಬಂತು ಎಂಬ ಸಂದೇಹದಿಂದಲೇ ಓದುಗರು ತಲೆಮಾರುಗಳಿಂದ ಆ ಪದ್ಯವನ್ನು ಪಂಪನ ಸ್ವಂತ ಮಾತೆಂದು ಕೇಳಿಸಿಕೊಂಡಿದ್ದಾರೆ.

ಇದರಲ್ಲಿ ಇನ್ನೂ ಒಂದು ತೊಡಕಿದೆ. ಈ ಕಾವ್ಯದ ಅರ್ಜುನ ಮೊದಲೇ ಅರಿಕೇಸರಿಯೊಡನೆ ಒಂದಾಗಿದ್ದಾನೆ. ವೇಮುಲವಾಡದ ಚಾಲುಕ್ಯ ದೊರೆಯನ್ನು ಪಾಂಡವ ವೀರನೊಡನೆ ಸಮೀಕರಿಸಿ ಬರೆದ ಕಾವ್ಯವಿದು. ಹೀಗಾಗಿ ಅಲ್ಲಿನ 'ಎನ್ನ ಮನಂ' ಎಂಬ ಮಾತಿನ ಹಿಂದೆ ಅರ್ಜುನ, ಅರಿಕೇಸರಿ, ಪಂಪ ಎಂದು ಮೂವರು ನಿಂತಿದ್ದಾರೆ. ಪಂಪನ ಪೂರ್ವಜರು ಇಂದಿನ ಆಂಧ್ರದ ವೆಂಗಿಯ ಕಡೆಯವರು ಎಂಬುದನ್ನೂ ಸೇರಿಸಿಕೊಂಡರೆ ಪ್ರಶ್ನೆ ಮತ್ತಷ್ಟು ಬಿಗಿಯಾಗುತ್ತದೆ. ಇಂದು ಬನವಾಸಿಯ ಕದಂಬೋತ್ಸವದಲ್ಲಿ ಪಂಪ ಪ್ರಶಸ್ತಿ ಕೊಡುವಾಗ ವೇದಿಕೆಯ ಮೇಲೆ ಆ ಸಾಲನ್ನು ಹೇಳುವವರು ನಾಲ್ಕನೆಯ ವಕ್ತೃವಾಗಿ ಸೇರಿಕೊಳ್ಳುತ್ತಾರೆ. ಒಬ್ಬನನ್ನೇ ಆರಿಸಬೇಕೆಂದು ಹಟ ಹಿಡಿದರೆ ಪದ್ಯದ ಸ್ಥಾನ ನೋಡಿ ಅರ್ಜುನನೆನ್ನಬೇಕು, ಭಾವ ನೋಡಿ ಪಂಪನೆನ್ನಬೇಕು. ನಾನು ಆರಿಸಲು ಹೋಗುವುದಿಲ್ಲ.

ಗಂಡಸು ಹೆಣ್ಣಿನ ದನಿಯಲ್ಲಿ ಬರೆಯುವುದು ಸರಿಯೇ?

ಉರಿಲಿಂಗದೇವನಂಥ ವಚನಕಾರರು ಶರಣ ಸತಿ, ಲಿಂಗ ಪತಿ ಎಂಬ ಭಾವದಲ್ಲಿ ಹೆಣ್ಣಾಗಿ ನುಡಿದಿದ್ದಾರೆ. ದಾಸರು ಯಶೋದೆಯಾಗಿ, ಗೋಪಿಯಾಗಿ ಹಾಡಿದ್ದಾರೆ. ಆದ್ದರಿಂದ ತಪ್ಪೆನ್ನಲು ಬರುವುದಿಲ್ಲ. ಆದರೆ ಗಂಡು ಕವಿ ಕಟ್ಟಿದ ಹೆಣ್ಣು ಸಾಮಾನ್ಯವಾಗಿ ಕಾಯುತ್ತಾಳೆ, ಕೊರಗುತ್ತಾಳೆ, ಕರೆಯುತ್ತಾಳೆ. ಅಕ್ಕಮಹಾದೇವಿ ಸ್ವತಃ ಮಾತನಾಡಿದಾಗ ಆಕೆ ಕಾಯುವುದಿಲ್ಲ, ಸಾವ ಕೆಡುವ ಗಂಡರನ್ನು ಒಲೆಯೊಳಗಿಕ್ಕು ಎಂದು ಹೊರಟುಬಿಡುತ್ತಾಳೆ. ಎರವಲು ದನಿಯ ಗುಣವನ್ನು ಅಳೆಯುವಾಗ ಆ ದನಿಗೆ ನಿಜವಾದ ಒಡತಿ ಏನು ಹೇಳಿದ್ದಾಳೆ ಎಂದು ಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯ ಅಭ್ಯಾಸ.

ವೇದಿಕೆಯ ಮೇಲೆ

ಗಮಕ ಕೇಳುವಾಗ ಗೊಂದಲವಾಗುತ್ತದೆ. ಹಾಡುವವರು ಒಬ್ಬರು, ಅರ್ಥ ಹೇಳುವವರು ಇನ್ನೊಬ್ಬರು, ಕಥೆಯಲ್ಲಿ ಮಾತನಾಡುವವರು ಮತ್ತೊಬ್ಬರು. ಅಸಲಿಗೆ ಹೇಳುತ್ತಿರುವವರು ಯಾರು?

ಕುಮಾರವ್ಯಾಸ ಭಾರತವನ್ನೇ ತೆಗೆದುಕೊಂಡು ಪದರಗಳನ್ನು ಬಿಡಿಸಬಹುದು. ಪೀಠಿಕೆಯಲ್ಲಿ ಕುಮಾರವ್ಯಾಸ, ಗದುಗಿನ ವೀರನಾರಾಯಣನೇ ಕವಿ, ತಾನು ಲಿಪಿಕಾರ ಮಾತ್ರ ಎನ್ನುತ್ತಾನೆ. ಆದರೆ ಅದೇ ಪೀಠಿಕೆಯಲ್ಲಿ ಹಲಗೆ ಬಳಪ ಹಿಡಿಯದ, ಇಟ್ಟ ಪದವನ್ನು ಅಳಿಸದ ಅಗ್ಗಳಿಕೆ ತನ್ನದೆಂದು ಹೇಳಿಕೊಳ್ಳುವವನೂ ಅವನೇ. ಕಥೆಯೊಳಗೆ ಹೊಕ್ಕ ಮೇಲೆ 'ಕೇಳು ಜನಮೇಜಯ ಧರಿತ್ರೀಪಾಲ' ಎಂದು ಸಂಧಿಗಳು ತೆರೆದುಕೊಳ್ಳುತ್ತವೆ. ಅಲ್ಲಿ ಹೇಳುವವನು ವೈಶಂಪಾಯನ, ಕೇಳುವವನು ಪಾಂಡವರ ವಂಶದ ಅರಸು. ಆಮೇಲೆ ದ್ರೌಪದಿಯೋ ಕರ್ಣನೋ ಕೃಷ್ಣನೋ ನೇರವಾಗಿ ಮಾತಿಗಿಳಿಯುತ್ತಾರೆ. ಇಷ್ಟೂ ಪದರಗಳನ್ನು ಹೊತ್ತ ಭಾಮಿನಿ ಷಟ್ಪದಿಯನ್ನು ಗಮಕಿ ರಾಗದಲ್ಲಿ ವಾಚಿಸುತ್ತಾರೆ, ವ್ಯಾಖ್ಯಾನಕಾರರು ಬಿಡಿಸಿ ಹೇಳುತ್ತಾರೆ.

ಗಮಕದಲ್ಲಿ ರಾಗವಿದೆ, ಸಂಗೀತ ಕಛೇರಿಯಂತೆ ತಾಳದ ಕಟ್ಟಿಲ್ಲ. ಆದ್ದರಿಂದ ಗಮಕಿಗೆ ಪದಗಳನ್ನು ಅರ್ಥಕ್ಕೆ ತಕ್ಕಂತೆ ಒಡೆಯುವ, ಒಂದು ಪದದ ಮೇಲೆ ನಿಲ್ಲುವ ಸ್ವಾತಂತ್ರ್ಯವಿದೆ. ಮಾತನಾಡುವ ಪಾತ್ರ ಬದಲಾದದ್ದನ್ನು ರಾಗ ಬದಲಾಯಿಸಿಯೋ ದನಿಯನ್ನು ತಗ್ಗಿಸಿಯೋ ತೋರಿಸುತ್ತಾರೆ, ಆದರೆ ನಟರಂತೆ ಪಾತ್ರವೇ ಆಗಿಬಿಡುವುದಿಲ್ಲ. ಗಮಕಿ ದ್ರೌಪದಿಯ ಪದ್ಯದಲ್ಲಿ ಅತ್ತುಬಿಟ್ಟರೆ ಪದ್ಯ ಕೇಳಿಸದೆ ಅಳು ಮಾತ್ರ ಕೇಳಿಸುತ್ತದೆ. 2022ರಲ್ಲಿ ಪದ್ಮಶ್ರೀ ಪಡೆದ, ಶಿವಮೊಗ್ಗದ ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಂಥ ಗಮಕಿಗಳ ವಾಚನವನ್ನು ಧ್ವನಿಮುದ್ರಿಕೆಯಲ್ಲಿ ಕೇಳುವಾಗ ಈ ಸಂಯಮವನ್ನು ಗಮನಿಸಬಹುದು. ಹೇಳುತ್ತಿರುವವರು ಯಾರು ಎಂಬ ಪ್ರಶ್ನೆಗೆ ಗಮಕದ ಉತ್ತರವೆಂದರೆ, ಎಲ್ಲರೂ ಹೇಳುತ್ತಿದ್ದಾರೆ ಮತ್ತು ಒಬ್ಬರ ಮಾತನ್ನು ಇನ್ನೊಬ್ಬರು ಮುಚ್ಚದಂತೆ ನೋಡಿಕೊಳ್ಳುವುದೇ ಅಲ್ಲಿನ ಕಲೆ.

ತಾಳಮದ್ದಳೆಯ ಅರ್ಥಧಾರಿಯನ್ನು ನಟ ಎನ್ನಬೇಕೋ ವಾಗ್ಮಿ ಎನ್ನಬೇಕೋ?

ಕವಿತೆಯ ವಕ್ತೃವೂ ಭಾಷಣಕಾರನೂ ಒಂದೇ ಆಸನದಲ್ಲಿ ಕೂರುವ ಜಾಗ ತಾಳಮದ್ದಳೆ. ಕರಾವಳಿ ಮತ್ತು ಮಲೆನಾಡಿನಲ್ಲಿ, ವಿಶೇಷವಾಗಿ ಯಕ್ಷಗಾನ ಮೇಳಗಳು ತಿರುಗಾಟ ನಿಲ್ಲಿಸುವ ಮಳೆಗಾಲದಲ್ಲಿ ನಡೆಯುವ ಈ ಕೂಟದಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ, ಪಂಚೆಯುಟ್ಟು ಶಾಲು ಹೊದ್ದು ಎದುರುಬದುರು ಕುಳಿತ ಅರ್ಥಧಾರಿಗಳು ಆ ಪದ್ಯವನ್ನು ಆಧಾರವಾಗಿಟ್ಟುಕೊಂಡು ಪಾತ್ರದ ಬಾಯಲ್ಲಿ ಮಾತನಾಡುತ್ತಾರೆ. ಆ ಮಾತನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. ಪದ್ಯ ನಾಲ್ಕು ಸಾಲಿನದು, ಅದರ ಅರ್ಥ ಅರ್ಧ ಗಂಟೆಯದಾಗಬಹುದು.

ಅರ್ಥಧಾರಿಯ ಮೊದಲ ದೊಡ್ಡ ಮಾತಿಗೆ ಪೀಠಿಕೆ ಎನ್ನುತ್ತಾರೆ. ನಾನು ಯಾರು, ಯಾವ ಸ್ಥಿತಿಯಲ್ಲಿದ್ದೇನೆ, ಈ ಹೊತ್ತಿನಲ್ಲಿ ನನ್ನ ಮನಸ್ಸಿನಲ್ಲಿ ಏನಿದೆ ಎಂಬುದನ್ನು ಪಾತ್ರವೇ ಕಟ್ಟಿಕೊಡುವ ಭಾಗವದು. ಆಮೇಲೆ ಸಂವಾದ. ವಾಲಿವಧೆಯ ಪ್ರಸಂಗದಲ್ಲಿ ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ನೆಲಕ್ಕೆ ಬಿದ್ದ ವಾಲಿ ಪ್ರಶ್ನಿಸುತ್ತಾನೆ. ವಾಲಿಯ ಅರ್ಥ ಹೇಳುವವರು ಧರ್ಮಶಾಸ್ತ್ರವನ್ನು, ತರ್ಕವನ್ನು, ಲೋಕಾನುಭವವನ್ನು ತಂದು ರಾಮನನ್ನು ಮಾತಿನಲ್ಲಿ ಸಂಪೂರ್ಣವಾಗಿ ಕಟ್ಟಿಹಾಕಬಹುದು. ಆದರೂ ವಾಲಿ ಸಾಯಲೇಬೇಕು, ಪ್ರಸಂಗ ಬದಲಾಗುವುದಿಲ್ಲ. ಸೋಲುವ ಪಾತ್ರಕ್ಕೆ ಗೆಲ್ಲುವ ಮಾತನ್ನು ಕೊಡುವ ಈ ಅವಕಾಶವೇ ಶೇಣಿ ಗೋಪಾಲಕೃಷ್ಣ ಭಟ್ಟರಂಥ ಮೇಧಾವಿಗಳನ್ನು ಆ ಆಸನದತ್ತ ಸೆಳೆದದ್ದು ಎಂದು ನಾನು ತಿಳಿದಿದ್ದೇನೆ.

ನಟನಿಗೆ ಬಣ್ಣ, ಉಡುಗೆ, ಬೆಳಕು ಇರುತ್ತವೆ. ಅರ್ಥಧಾರಿಗೆ ನಾಲಿಗೆಯೊಂದೇ ಇದೆ. ವಾಗ್ಮಿಗೆ ತನ್ನ ನಿಲುವನ್ನು ತಾನೇ ಆರಿಸುವ ಹಕ್ಕಿದೆ. ಅರ್ಥಧಾರಿ ಇಂದು ರಾವಣನ ಪರ, ನಾಳೆ ಅದೇ ಊರಿನಲ್ಲಿ ಅಂಗದನ ಪರ ವಾದಿಸುತ್ತಾನೆ. ಪಕ್ಷವನ್ನು ಬದಲಾಯಿಸಿದನೆಂದು ಅವನನ್ನು ಯಾರೂ ದೂರುವುದಿಲ್ಲ, ಆದರೆ ಪಾತ್ರಕ್ಕೆ ಗೊತ್ತಿರಲಾರದ ವಿಷಯವನ್ನು ಪಾತ್ರದ ಬಾಯಲ್ಲಿ ಹೇಳಿದರೆ ಮುಂದಿನ ಸಾಲಿನ ಮುದುಕರು ತಕ್ಷಣ ಮುಖ ಸಿಂಡರಿಸುತ್ತಾರೆ. ಎರಡರಲ್ಲಿ ಒಂದು ಹೆಸರು ಬೇಕೇಬೇಕೆಂದರೆ ವಾಗ್ಮಿ ಎನ್ನುವುದೇ ಹೆಚ್ಚು ಸರಿ. ಅಭಿನಯದ ಬಹುಪಾಲು ಅವನ ವಾಕ್ಯದೊಳಗೇ ನಡೆಯುತ್ತದೆ.

ಕವಿಗೋಷ್ಠಿಯಲ್ಲಿ ಕವಿತೆ ಓದುವ ಮೊದಲು ಅದರ ಹಿನ್ನೆಲೆ ಹೇಳಬೇಕೇ?

ಕವಿತೆಯಲ್ಲಿ ಮಾತನಾಡುವವರು ನೀವಲ್ಲವೆಂದಾದರೆ ಅಷ್ಟನ್ನು ಒಂದು ವಾಕ್ಯದಲ್ಲಿ ಹೇಳಿ: ಇದು ಮುಳುಗಡೆಯಾದ ಊರಿನ ಅಜ್ಜಿಯೊಬ್ಬಳ ಮಾತು, ಇದು ರಾತ್ರಿ ಪಾಳಿಯ ಕಾವಲುಗಾರನದು, ಎಂಬಂತೆ. ಪುಸ್ತಕದಲ್ಲಿ ಓದುವವನಿಗೆ ಹಿಂದಿರುಗಿ ನೋಡುವ ಅವಕಾಶವಿದೆ, ಸಭಿಕನಿಗೆ ಇಲ್ಲ. ಅವನ ಕಣ್ಣೆದುರು ನೀವು ನಿಂತಿರುವುದರಿಂದ 'ನಾನು' ಎಂದ ತಕ್ಷಣ ನಿಮ್ಮನ್ನೇ ಹಿಡಿದುಕೊಳ್ಳುತ್ತಾನೆ. ಅದಕ್ಕಿಂತ ಹೆಚ್ಚಿನ ವಿವರಣೆ ಬೇಡ. ಎರಡು ನಿಮಿಷದ ಕವಿತೆಗೆ ಐದು ನಿಮಿಷದ ಮುನ್ನುಡಿಯನ್ನು ದಸರಾ ಕವಿಗೋಷ್ಠಿಗಳಲ್ಲಿ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

'ನಾನೇನೂ ಹೆಚ್ಚು ತಿಳಿದವನಲ್ಲ' ಎಂದು ಭಾಷಣ ಆರಂಭಿಸುವುದು ಒಳ್ಳೆಯ ಪದ್ಧತಿಯೇ?

ಕಾವ್ಯದಲ್ಲಿ ಕವಿವಿನಯ ಬಹಳ ಹಳೆಯದು. ಆದರೆ ಹಳೆಯ ಕವಿಗಳ ಆರಂಭದಲ್ಲಿ ವಿನಯದ ಪಕ್ಕದಲ್ಲಿಯೇ ಆತ್ಮವಿಶ್ವಾಸವೂ ಇರುತ್ತಿತ್ತು. ಎರಡೂ ಸೇರಿ ಮಾತನಾಡುವವನ ಒಂದು ಚಿತ್ರ ಮೂಡುತ್ತಿತ್ತು. ಇಂದಿನ ಭಾಷಣಗಳಲ್ಲಿ ಉಳಿದಿರುವುದು ವಿನಯದ ಸೂತ್ರ ಮಾತ್ರ. ಸ್ವಾಗತ, ಪ್ರಾಸ್ತಾವಿಕ ನುಡಿ, ಉದ್ಘಾಟನೆ ಎಲ್ಲವನ್ನೂ ದಾಟಿ ಮೈಕು ಕೈಗೆ ಬಂದಾಗ ಸಭೆ ಅದಾಗಲೇ ದಣಿದಿರುತ್ತದೆ. ಆಗ ತನಗೆ ತಿಳಿಯದೆಂದು ಹೇಳುವ ಅತಿಥಿಯನ್ನು ನಂಬಿ ಜನ ಎದ್ದು ಹೋದರೆ ಅವರನ್ನು ತಪ್ಪೆನ್ನುವಂತಿಲ್ಲ. ನಿಮಗೆ ಈ ವಿಷಯದ ಜೊತೆ ಏನು ಸಂಬಂಧ ಎಂಬುದನ್ನು ಮೊದಲ ಎರಡು ವಾಕ್ಯಗಳಲ್ಲಿ ನೇರವಾಗಿ ಹೇಳುವುದು ಹೆಚ್ಚು ಗೌರವದ ಆರಂಭ. ವೇದಿಕೆಯ ಗಣ್ಯರ ಹೆಸರುಗಳನ್ನು ಪ್ರತಿಯೊಬ್ಬರೂ ಮೊದಲಿನಿಂದ ಕೊನೆಯವರೆಗೆ ಪಠಿಸುವ ಅಗತ್ಯವೂ ಇಲ್ಲ. ಸ್ವಾಗತ ಮಾಡಿದವರು ಆ ಕೆಲಸವನ್ನು ಮುಗಿಸಿರುತ್ತಾರೆ.

ಸಭಾಕಂಪ ಹೋಗಲು ಏನು ಮಾಡಬೇಕು?

ಪೂರ್ತಿಯಾಗಿ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಮೊದಲ ವಾಕ್ಯವನ್ನು ಬಾಯಿಪಾಠ ಮಾಡಿ, ಅದನ್ನು ಸಭೆಯಲ್ಲಿ ಕುಳಿತಿರುವ ಒಬ್ಬರಿಗೆ ಹೇಳಿ. ಎಲ್ಲರಿಗೂ ಒಟ್ಟಿಗೆ ಹೇಳಲು ಹೊರಟಾಗ ಕಂಪನ ಹೆಚ್ಚಾಗುತ್ತದೆ.

ಭಾಷಣದಲ್ಲಿ 'ನಾನು' ಎನ್ನುವುದಕ್ಕಿಂತ 'ನಾವು' ಎನ್ನುವುದು ಉತ್ತಮವಲ್ಲವೇ?

'ನಾವು' ಎಂದಾಗ ಯಾರ ಪರವಾಗಿ ಹೇಳುತ್ತಿದ್ದೀರಿ, ಅವರು ನಿಮಗೆ ಆ ಅಧಿಕಾರ ಕೊಟ್ಟಿದ್ದಾರೆಯೇ ಎಂಬ ಪ್ರಶ್ನೆ ಹುಟ್ಟುತ್ತದೆ. 1975ರಲ್ಲಿ ಬಂದ ಸಿದ್ಧಲಿಂಗಯ್ಯನವರ ಹೊಲೆಮಾದಿಗರ ಹಾಡಿನಲ್ಲಿ ಮಾತನಾಡುವುದು ಒಬ್ಬ ವ್ಯಕ್ತಿಯಲ್ಲ, ಅಲ್ಲಿಯವರೆಗೆ ಕವಿತೆಯಲ್ಲಿ ಇತರರ ಕರುಣೆಗೆ ವಸ್ತುವಾಗಿದ್ದ ಜನ. 'ಇಕ್ರಲಾ ವದೀರ್ಲಾ' ಎಂಬ ಕರೆ ಪುಟದಿಂದ ಎದ್ದು ದಲಿತ ಚಳವಳಿಯ ಮೆರವಣಿಗೆಗಳಿಗೆ ಹೋದದ್ದು, ಆ ಜನ ಆ 'ನಾವು' ಎಂಬುದನ್ನು ತಮ್ಮದೆಂದು ಒಪ್ಪಿಕೊಂಡದ್ದರಿಂದ. ಅದೇ ಕವಿ 2015ರಲ್ಲಿ ಶ್ರವಣಬೆಳಗೊಳದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿ ಮಾತನಾಡಿದಾಗ ಅವರ 'ನಾವು' ಎಲ್ಲ ಕನ್ನಡಿಗರಿಗೆ ಚಾಚಿಕೊಳ್ಳಬೇಕಾಗಿತ್ತು. ಕವಿತೆಯ 'ನಾವು' ಯಾರ ವಿರುದ್ಧ ಎದ್ದಿತ್ತೋ ಅವರೂ ಆ ಸಭೆಗೆ ಸೇರಿದವರೇ. ಸಾಮಾನ್ಯ ಭಾಷಣಕಾರರಿಗೆ ನನ್ನ ಸಲಹೆ ಇಷ್ಟೆ: ನೀವೊಬ್ಬರೇ ನಂಬಿರುವುದನ್ನು ಹೇಳುವಾಗ 'ನಾನು' ಎನ್ನಿ. ಸ್ವಂತ ಅಭಿಪ್ರಾಯವನ್ನು 'ನಾವು' ಎಂಬುದರ ಹಿಂದೆ ನಿಲ್ಲಿಸುವುದು ವಿನಯದಂತೆ ಕಂಡರೂ ವಿನಯವಲ್ಲ.

ಇನ್ನಷ್ಟು ಆಳಕ್ಕೆ

ವಕ್ತೃ ಕವಿಯಲ್ಲ ಎಂದಮೇಲೆ ಕವಿತೆಯ ಮಾತಿಗೆ ಕವಿ ಹೊಣೆಯಲ್ಲವೇ?

ಪಾತ್ರದ ಪ್ರತಿ ಮಾತಿಗೆ ಹೊಣೆಯಲ್ಲ, ಆದರೆ ಆ ಪಾತ್ರವನ್ನು ಅಲ್ಲಿ ನಿಲ್ಲಿಸಿ ಮಾತನಾಡಿಸಿದ್ದಕ್ಕೆ ಹೊಣೆ. ಅಧಿಕಾರದಲ್ಲಿರುವವರು ಈ ಸೂಕ್ಷ್ಮವನ್ನು ಯಾವತ್ತೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಬೇಂದ್ರೆಯವರ 'ನರಬಲಿ' ಕವಿತೆಗಾಗಿ ಬ್ರಿಟಿಷ್ ಸರ್ಕಾರ 1932ರಲ್ಲಿ ಜೈಲಿಗೆ ಕಳಿಸಿದ್ದು ಧಾರವಾಡದ ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರನ್ನು. ಅಂಬಿಕಾತನಯದತ್ತನನ್ನು ಹುಡುಕಲು ಹೋಗಲಿಲ್ಲ. ಇನ್ನೊಂದು ತುದಿಯಲ್ಲಿ, ದ್ವೇಷದ ಮಾತನ್ನು ಬರೆದು ಅದು ಪಾತ್ರದ ಮಾತು ಎಂದು ಜಾರಿಕೊಳ್ಳುವವರೂ ಇದ್ದಾರೆ. ಆಗ ಕೃತಿಯನ್ನು ಮತ್ತೆ ಓದಿ, ಆ ಪಾತ್ರದಿಂದ ಕವಿ ದೂರ ನಿಂತಿರುವ ಗುರುತು ಎಲ್ಲಿಯಾದರೂ ಇದೆಯೇ ಎಂದು ನೋಡಬೇಕು. ರತ್ನನ ಪದಗಳಲ್ಲಿ ಆ ಗುರುತು ಪ್ರತಿ ಸಾಲಿನ ಉಚ್ಚಾರದಲ್ಲಿಯೇ ಇದೆ. ಗುರುತೇ ಇಲ್ಲದಿದ್ದರೆ ಪಾತ್ರ ಒಂದು ನೆಪ.

ನವೆಂಬರ್ 1ರಂದು ವೇದಿಕೆಯಲ್ಲಿ ಕವಿತೆಯ ಸಾಲುಗಳನ್ನು ಹೇಳುತ್ತೇವೆ. ಆಗ ಆ ಸಾಲು ನಮ್ಮ ಮಾತಾಗುತ್ತದೆಯೇ?

ಆಗುತ್ತದೆ, ಆದರೆ ಏನನ್ನೋ ಕಳೆದುಕೊಂಡು ಆಗುತ್ತದೆ. ನರಕಕ್ಕಿಳಿಸಿ, ನಾಲಿಗೆ ಸೀಳಿಸಿ, ಬಾಯಿ ಹೊಲಿಸಿದರೂ ಮೂಗಿನಲ್ಲಿ ಕನ್ನಡ ಪದ ಆಡುತ್ತೇನೆ ಎಂಬ ಮಾತನ್ನು ರಾಜ್ಯೋತ್ಸವದಲ್ಲಿ ಮಂತ್ರಿಗಳೂ ಅಧಿಕಾರಿಗಳೂ ಹೇಳುತ್ತಾರೆ. ಕವಿತೆಯಲ್ಲಿ ಅದನ್ನು ಹೇಳುವವನು ರತ್ನ. ಹೆಂಡವನ್ನು ಬಿಡು ಎಂದರೆ ಬಿಟ್ಟೇನು, ಹೆಂಡತಿಯನ್ನು ಬಿಡು ಎಂದರೆ ಬಿಟ್ಟೇನು, ಕನ್ನಡ ಪದ ಬಿಡು ಎಂದರೆ ಮಾತ್ರ ದೇವರ ಮಾತನ್ನೂ ಕೇಳೆನು ಎನ್ನುವ ಕುಡುಕನ ಬಾಯಲ್ಲಿ ಆ ಪ್ರತಿಜ್ಞೆಗೆ ನಗುವೂ ಇದೆ, ನಗುವಿನೊಳಗೆ ಒಂದು ನಿಷ್ಠೆಯೂ ಇದೆ. ಕಳೆದುಕೊಳ್ಳಲು ಬೇರೇನೂ ಇಲ್ಲದವನು ಅದನ್ನು ಹೇಳುತ್ತಾನೆ. ಇಸ್ತ್ರಿ ಮಾಡಿದ ಬಟ್ಟೆಯವರು ಹೇಳಿದಾಗ ಅದು ಘೋಷಣೆಯಾಗುತ್ತದೆ. ಉದ್ಧರಿಸಬೇಡಿ ಎಂದಲ್ಲ, ರತ್ನ ಎಂಬ ಹೆಸರನ್ನೂ ಸೇರಿಸಿ ಹೇಳಿದರೆ ಸಾಲಿನ ಪೂರ್ಣ ಬಲ ಸಭೆಗೆ ದೊರೆಯುತ್ತದೆ.

ಬೇರೆಯವರು ಬರೆದುಕೊಟ್ಟ ಭಾಷಣವನ್ನು ಓದುವವರು ನಿಜವಾಗಿ ಭಾಷಣಕಾರರೇ? ನುಡಿದಂತೆ ನಡೆಯಬೇಕು ಎಂಬ ಮಾತು ಅವರಿಗೆ ಹೇಗೆ ಅನ್ವಯಿಸುತ್ತದೆ?

ಭಾಷಣ ಬರೆದುಕೊಡುವ ವೃತ್ತಿ ಎರಡು ಸಾವಿರ ವರ್ಷಕ್ಕಿಂತ ಹಳೆಯದು. ಪ್ರಾಚೀನ ಅಥೆನ್ಸ್‌ನಲ್ಲಿ ದಾವೆದಾರ ತನ್ನ ಪರವಾಗಿ ತಾನೇ ಮಾತನಾಡಬೇಕಾಗಿದ್ದುದರಿಂದ, ಲಿಸಿಯಾಸ್‌ನಂಥವರು ಹಣ ಪಡೆದು ಭಾಷಣ ಬರೆದುಕೊಡುತ್ತಿದ್ದರು. ಲಿಸಿಯಾಸ್‌ನ ಹೆಗ್ಗಳಿಕೆಯೆಂದರೆ ದಾವೆದಾರನ ಸ್ವಭಾವ, ವಯಸ್ಸು, ಸ್ಥಾನಮಾನಕ್ಕೆ ಹೊಂದುವ ದನಿಯನ್ನು ಕಟ್ಟುವುದು. ನ್ಯಾಯಾಲಯಕ್ಕಾಗಿ ಬರೆದರೂ ಅವನು ಮಾಡುತ್ತಿದ್ದದ್ದು ಕವಿಯ ಕೆಲಸ. ಅರಿಸ್ಟಾಟಲ್ ಕೂಡ ಭಾಷಣಕಾರನ ಮೇಲಿನ ನಂಬಿಕೆ ಅವನ ಹಿಂದಿನ ಹೆಸರಿನಿಂದಲ್ಲ, ಮಾತಿನೊಳಗೇ ಹುಟ್ಟಬೇಕು ಎಂದು ಹೇಳಿದ್ದಾನೆ.

ಬಸವಣ್ಣನ ಅಳತೆ ಬೇರೆ. ನುಡಿದರೆ ಮುತ್ತಿನ ಹಾರದಂತಿರಬೇಕು ಎಂದು ಆರಂಭವಾಗುವ ವಚನ ಮಾತಿನ ಸೊಬಗನ್ನೆಲ್ಲ ಹೇಳಿ, ಲಿಂಗವೇ ಮೆಚ್ಚಿ ಅಹುದಹುದೆನ್ನಬೇಕು ಎಂಬಲ್ಲಿಗೆ ಏರಿ, ನುಡಿಯೊಳಗಾಗಿ ನಡೆಯದಿದ್ದರೆ ಕೂಡಲಸಂಗಮದೇವ ಹೇಗೆ ಒಲಿಯುತ್ತಾನೆ ಎಂದು ಮುಗಿಯುತ್ತದೆ. ಅಲ್ಲಿ ಮಾತನ್ನು ತೂಗುವವನು ಸಭಿಕನಲ್ಲ. ಅರಿಸ್ಟಾಟಲ್ ಹೇಳುವುದು ಒಂದು ಸಂಜೆಯ ಸಭೆಗೆ ಸಾಕು. ಅದೇ ಊರಿನಲ್ಲಿ ಮುಂದಿನ ವರ್ಷವೂ ಮಾತನಾಡಬೇಕಾದವರಿಗೆ ಬಸವಣ್ಣನ ಮಾತೇ ಬೇಕು. ಬರೆದುಕೊಟ್ಟದ್ದನ್ನು ಓದುವುದರಲ್ಲಿ ದೋಷವಿಲ್ಲ. ಓದಿದ ಮೇಲೆ ಅದು ಓದಿದವರ ಮಾತು, ಬರೆದ ಗುಮಾಸ್ತನ ಮಾತಲ್ಲ. ವಿವಾದವಾದಾಗ ಅದನ್ನು ಅವನ ತಲೆಗೆ ಕಟ್ಟುವಂತಿಲ್ಲ.

ಯಾರೂ ಹೇಳದ ಕವಿತೆ, ಅಂದರೆ ವಕ್ತೃವೇ ಇಲ್ಲದ ಕವಿತೆ ಇರಬಹುದೇ?

ಶುದ್ಧ ವರ್ಣನೆಯ ಕವಿತೆಗಳು ಹಾಗೆ ಕಾಣುತ್ತವೆ. ಬೇಂದ್ರೆಯವರ 'ಬೆಳಗು' ಮೂಡಣ ಮನೆಯ ಮುತ್ತಿನ ನೀರಿನ ಎರಕದಿಂದ ಆರಂಭವಾಗಿ ದೃಶ್ಯದ ಮೇಲೆ ದೃಶ್ಯ ಬರುವಾಗ, ನೋಡುತ್ತಿರುವವನು ಯಾರೆಂದು ಕೇಳಬೇಕೆನಿಸುವುದೇ ಇಲ್ಲ. ಆದರೆ ಕೊನೆಗೆ ಇದು ಬರಿ ಬೆಳಗಲ್ಲೋ ಅಣ್ಣಾ ಎಂಬ ಮಾತು ಬಂದಾಗ, ಅಷ್ಟು ಹೊತ್ತು ಯಾರೋ ಯಾರಿಗೋ ತೋರಿಸುತ್ತಿದ್ದರು ಎಂಬುದು ಹೊರಬೀಳುತ್ತದೆ. ಸಂಬೋಧನೆಯೇ ಇಲ್ಲದ ಕವಿತೆಯಲ್ಲಿಯೂ ಯಾವುದನ್ನು ಮೊದಲು ಹೇಳಬೇಕು, ಯಾವುದನ್ನು ಬಿಡಬೇಕು ಎಂದು ಆರಿಸಿದ ಒಬ್ಬರಿರುತ್ತಾರೆ, ಆ ಆಯ್ಕೆಯಲ್ಲಿ ಅವರ ಗುರುತು ಸಿಗುತ್ತದೆ. ಗಾದೆ ಮಾತ್ರ ಇದಕ್ಕೆ ಹೊರತಾಗಿರಬಹುದು: ಅದನ್ನು ಮೊದಲು ಹೇಳಿದವರು ಇಲ್ಲವಾಗಿದ್ದಾರೆ, ಪ್ರತಿ ಸಲ ಬಳಸಿದವರೇ ಅದರ ವಕ್ತೃಗಳಾಗುತ್ತಾರೆ, ಮತ್ತು ಅತ್ತೆಯ ಬಾಯಲ್ಲಿ ಬಂದ ಗಾದೆ ಸೊಸೆಯ ಬಾಯಲ್ಲಿ ಬಂದಾಗ ಅದರ ಗುರಿಯೇ ತಿರುಗಿರುತ್ತದೆ.